ಮೂರನೆಯ ಜೋಡಿ, ನಾಲ್ಕನೆಯ ಜೋಡಿ

ನನ್ನ ಮೊಮ್ಮಗಳು ಹಿಮ ಬೀಳದ ಊರಿನಲ್ಲಿ ಸ್ಕೀಯಿಂಗ್ ಕಲಿತವಳು. ಡಬ್ಲಿನ್ನಿನ ದಕ್ಷಿಣಕ್ಕೆ ಒಂದು ಗುಡ್ಡದ ಮೈಮೇಲೆ ಪ್ಲಾಸ್ಟಿಕ್ ಚಾಪೆ ಹಾಸಿದ ಇಳಿಜಾರಿದೆ. ಬಟ್ಟೆ ಒಗೆಯುವ ಬ್ರಶ್ಶುಗಳನ್ನು ಅಂಗಾತ ಮಲಗಿಸಿ ಗುಡ್ಡದುದ್ದಕ್ಕೂ ಜೋಡಿಸಿದರೆ ಹೇಗೋ ಹಾಗೆ. ಜಾರಲೆಂದು ಅದರ ಮೇಲೆ ಪೈಪಿನಿಂದ ನೀರು ಚಿಮುಕಿಸುತ್ತಾರೆ. ಹೆಚ್ಚಿನ ದಿನ ಪೈಪು ಬೇಕಾಗುವುದಿಲ್ಲ, ಮಳೆಯೇ ಆ ಕೆಲಸ ಮಾಡುತ್ತದೆ. ಬಿದ್ದರೆ ಚರ್ಮ ಸುಲಿದು ಬರುತ್ತದೆ. ಹೆಬ್ಬೆರಳು ಚಾಪೆಯ ಸಂದಿಗೆ ಸಿಕ್ಕಿದರೆ ಮುರಿಯುತ್ತದೆ. ಅವಳ ವಿಶ್ವವಿದ್ಯಾಲಯದ ತಂಡ ಸೆಪ್ಟೆಂಬರಿನಿಂದ ವಾರಕ್ಕೆರಡು ದಿನ ಅಲ್ಲಿ ಅಭ್ಯಾಸ ಮಾಡುತ್ತದೆ. ಜನವರಿಯಲ್ಲಿ ಒಂದು ವಾರ ಫ್ರಾನ್ಸಿನ ಬೆಟ್ಟಗಳಲ್ಲಿ ನಿಜವಾದ ಹಿಮ. ಮಾರ್ಚಿನಲ್ಲಿ ವಿಶ್ವವಿದ್ಯಾಲಯಗಳ ನಡುವಿನ ಸ್ಪರ್ಧೆ, ಮತ್ತೆ ಅದೇ ಚಾಪೆಯ ಮೇಲೆ.

ನಾನು ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಗಾಲ್ವೇ ನಗರದ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಆರಕ್ಕೆ ಆಸ್ಪತ್ರೆಯ ರೀತಿಯಲ್ಲಿ ಹಾಸಿಗೆ ಬಟ್ಟೆಯ ಮೂಲೆಗಳನ್ನು ಮಡಚಿ ಮುಗಿಸಿರುತ್ತೇನೆ. ನಿವೃತ್ತಿಯ ನಂತರ ಡಬ್ಲಿನ್ನಿನಲ್ಲಿ ಮಗಳ ಮನೆಗೆ ಬಂದೆ. ಮಗಳಿಗೆ ಗ್ರ್ಯಾಂಡ್ ಕೆನಾಲ್ ಡಾಕ್‌ನ ಐಟಿ ಕಂಪನಿಯೊಂದರಲ್ಲಿ ಕೆಲಸ, ಅವಳಿಗೆ ಪುರುಸೊತ್ತಿಲ್ಲ. ಹಾಗಾಗಿ ಮೊಮ್ಮಗಳನ್ನು ಗುಡ್ಡಕ್ಕೆ ಕರೆದೊಯ್ಯುವ ಡ್ಯೂಟಿ ನನಗೆ ಬಂತು. ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಕಾರಣ, ಭಯ.

ಎರಡು ವರ್ಷದ ಹಿಂದೆ ಅವಳು ಅಲ್ಲೇ ಬಿದ್ದು ಎಡ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದಳು. ಆಪರೇಷನ್ ಆಯಿತು, ಒಂಬತ್ತು ತಿಂಗಳು ವ್ಯಾಯಾಮ ಆಯಿತು. ಇನ್ನೊಮ್ಮೆ ಹರಿದರೆ ಆಟದ ಮಾತು ಬಿಡಿ, ಮೆಟ್ಟಿಲು ಹತ್ತುವುದೂ ಕಷ್ಟ ಎಂದು ಸರ್ಜನ್ ಹೇಳಿದರು. ಅವರು ಹೇಳದಿದ್ದರೂ ನನಗೆ ಗೊತ್ತಿತ್ತು. ಅಂಥ ಮೊಣಕಾಲುಗಳನ್ನು ನಾನು ವಾರ್ಡಿನಲ್ಲಿ ಸಾಕಷ್ಟು ನೋಡಿದ್ದೇನೆ. ಹತ್ತನೆಯ ತಿಂಗಳಿಗೆ ಅವಳು ಮತ್ತೆ ತಂಡಕ್ಕೆ ಹೋದಳು.

"ಎಂತಕ್ಕೆ ಮಗಾ? ಈಜಬಹುದಲ್ಲ?" ಎಂದು ಕೇಳಿದೆ.

"ಅಜ್ಜಿ, ಐ ಆಮ್ ಗ್ರ್ಯಾಂಡ್" ಎಂದಳು. ನನಗೇನೂ ಆಗಿಲ್ಲ ಎನ್ನಲು ಇಲ್ಲಿಯವರು ಹಾಗೆನ್ನುತ್ತಾರೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ, ಅದೂ ಡಬ್ಲಿನ್ನಿನ ರಾಗದಲ್ಲಿ. ಅವಳ ಮತ್ತು ಉಳಿದವರ ಮಾತನ್ನು ಮುಂದೆ ನಾನು ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ಕೆಲವು ವಾರ ಗುಡ್ಡದ ಬುಡದ ಶೆಡ್ಡಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿದರೆ ಕಿವಿ ಚುರುಕಾಗುತ್ತದೆ. ಚಾಪೆಯ ಮೇಲೆ ಸ್ಕೀ ಉಜ್ಜುವ ಸದ್ದು ಒಂದೇ ಸಮ ಬರುತ್ತಿದ್ದರೆ ಉಸಿರಾಡುತ್ತಿದ್ದೆ, ಸದ್ದು ತುಂಡಾದರೆ ಎದ್ದು ನಿಲ್ಲುತ್ತಿದ್ದೆ. ಇದು ಸರಿಯಲ್ಲ, ಕೈಗೊಂದು ಕೆಲಸ ಬೇಕು ಎಂದುಕೊಂಡು ಶೆಡ್ಡಿನ ಸಾಮಾನುಗಳನ್ನು ಜೋಡಿಸತೊಡಗಿದೆ. ಗ್ಲವ್ಸು, ಹೆಲ್ಮೆಟ್ಟು, ಬೂಟು, ಎಲ್ಲಕ್ಕೂ ಒಂದು ಜಾಗ, ಒಂದು ನಂಬರು. ಅಭ್ಯಾಸ ಮುಗಿದ ಮೇಲೆ ಸ್ಕೀಗಳನ್ನು ಒರೆಸಿ ಎತ್ತಿಡುವುದು. ತಂಡದವರು ನನ್ನನ್ನು ಸಿಸ್ಟರ್ ಎಂದು ಕರೆಯತೊಡಗಿದರು. ಸುಮಾರು ಅರುವತ್ತು ದಾಟಿದ ತರಬೇತುದಾರ, ಹೆಚ್ಚು ಮಾತಾಡದ ಮನುಷ್ಯ, ಮೊದಲು ಪ್ರತಿ ಜೋಡಿ ಸ್ಕೀಯನ್ನೂ ತಾವೇ ಪರೀಕ್ಷಿಸುತ್ತಿದ್ದವರು, ಕ್ರಮೇಣ ಬಿಟ್ಟುಬಿಟ್ಟರು. "ಸಿಸ್ಟರ್ ನೋಡಿದ್ದಾರೆ ಅಂದರೆ ಮುಗಿಯಿತು" ಎನ್ನುತ್ತಿದ್ದರು. ನನಗೆ ಆ ಮಾತು ಹಿತವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಆ ಶೆಡ್ಡಿನ ಗೋಡೆಯ ತುಂಬ ತಂಡದ ಹಳೆಯ ಫೋಟೋಗಳು. ಕೂದಲಿನ ರೀತಿ ಬದಲಾಗುತ್ತಾ ಬಂದಿದೆ, ಪದಕದ ಬಣ್ಣ ಬದಲಾಗಿಲ್ಲ. ಹುಡುಗಿಯರ ತಂಡ ಬಹುಪಾಲು ಬೆಳ್ಳಿಯನ್ನೇ ತಂದಿದೆ. ಕ್ಯಾಪ್ಟನ್ ಬ್ಯಾಲಿನ್‌ಕೊಲಿಗ್ ಎಂಬ ಊರಿನ ಹುಡುಗಿ, ಆರಡಿ ಎತ್ತರ, ಗಟ್ಟಿ ಮೈಕಟ್ಟು, ಜೋರು ದನಿ. "ಸಿಸ್ಟರ್, ಈ ತಂಡಕ್ಕೆ ಬೆಳ್ಳಿ ರೋಗ. ನಿಮ್ಮ ಹತ್ತಿರ ಔಷಧಿ ಇದೆಯಾ?" ಎಂದು ಕೇಳಿದ್ದಳು.

"ಬೇಗ ಮಲಗು, ಬೇಗ ಏಳು" ಎಂದೆ.

"ಹಾಗಾದರೆ ಬೆಳ್ಳಿಯೇ ಸಾಕು" ಎಂದಳು.

ಈಗ ಬೈಂಡಿಂಗ್ ವಿಷಯ ಹೇಳಬೇಕು. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಸಾಧನ ಅದು. ಬಿದ್ದಾಗ ಅದು ತಾನಾಗಿ ಬಿಟ್ಟುಕೊಳ್ಳಬೇಕು. ಬಿಡದಿದ್ದರೆ ಉದ್ದನೆಯ ಸ್ಕೀ ತಿರುಗುತ್ತದೆ, ಅದರ ಜೊತೆ ಕಾಲೂ ತಿರುಗುತ್ತದೆ, ಮೊಣಕಾಲು ಹರಿಯುತ್ತದೆ. ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ಆಳಿನ ತೂಕ ನೋಡಿ ಸ್ಕ್ರೂನಿಂದ ಹೊಂದಿಸುತ್ತಾರೆ. ಬೈಂಡಿಂಗ್ ಮೇಲಿನ ಸಣ್ಣ ಕಿಟಕಿಯಲ್ಲಿ ಆ ಅಂಕಿ ಕಾಣುತ್ತದೆ. ನನ್ನ ಮೊಮ್ಮಗಳಿಗೆ ಐದು. ಕ್ಯಾಪ್ಟನ್‌ಗೆ ಎಂಟು. ಸ್ಕೀಗಳು ಕ್ಲಬ್ಬಿನವು, ಒಂದೇ ಬಣ್ಣ, ಒಂದೇ ಉದ್ದ, ಅಂಚಿನಲ್ಲಿ ಜೋಡಿಯ ನಂಬರು ಮಾತ್ರ ಕೆತ್ತಿದೆ. ಇವರಿಬ್ಬರ ಬೂಟಿನ ಅಳತೆಯೂ ಒಂದೇ. ಯಾವ ಜೋಡಿ ಯಾರದ್ದು ಎಂದು ಗೊತ್ತಾಗುವುದು ಹೆಸರು, ಅಂಕಿ ಬರೆದು ಮೇಲೆ ಅಂಟಿಸಿದ ಬಿಳಿ ಟೇಪಿನಿಂದ ಮಾತ್ರ.

ಸ್ಪರ್ಧೆಗೆ ಎರಡು ದಿನ ಮುಂಚೆ ನಾನು ಆ ಟೇಪುಗಳನ್ನು ನೋಡಿದೆ. ಕೊಳೆಯಾಗಿ ಅಂಚು ಕಿತ್ತುಬಂದಿದ್ದವು. ಮೂರನೆಯ ಮತ್ತು ನಾಲ್ಕನೆಯ ಜೋಡಿಯ ಮೇಲಂತೂ ಹಸಿರು ಪೆನ್ನಿನಲ್ಲಿ ಯಾರೋ ಹೆಸರು ಹೊಡೆದು ಹಾಕಿ ಅದಲುಬದಲು ಗೀಚಿದ್ದರು. ಗೋಡೆಯ ಮೇಲಿನ ಪಟ್ಟಿಯಲ್ಲಿ ಮೂರನೆಯ ಜೋಡಿ ಕ್ಯಾಪ್ಟನ್‌ದು, ನಾಲ್ಕನೆಯದು ಮೊಮ್ಮಗಳದು ಎಂದಿತ್ತು. ಹುಡುಗಾಟ ಎಂದುಕೊಂಡೆ. ಎಲ್ಲ ಟೇಪನ್ನೂ ಕಿತ್ತು, ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿ, ಪಟ್ಟಿ ನೋಡಿಕೊಂಡು ಹೊಸ ಟೇಪಿನ ಮೇಲೆ ಹೆಸರು, ಅಂಕಿ ದುಂಡಗೆ ಬರೆದೆ. ಇನ್ನೊಬ್ಬರು ಬರೆದದ್ದನ್ನು ಅವರನ್ನು ಕೇಳದೆ ತಿದ್ದಬಾರದು ಎಂದು ನನ್ನ ವಾರ್ಡಿನ ಹುಡುಗಿಯರನ್ನು ನಾನು ಎಷ್ಟು ಸಲ ಗದರಿಸಿದ್ದೆನೋ ಲೆಕ್ಕವಿಲ್ಲ. ರೋಗಿಯ ಚಾರ್ಟು ಬೇರೆ, ಸ್ಕೀಯ ಟೇಪು ಬೇರೆ ಎಂದು ಅಂದು ನನಗೆ ಅನಿಸಿರಬೇಕು.

ಸ್ಪರ್ಧೆಯ ದಿನ ಬೆಳಿಗ್ಗೆ ಸಣ್ಣ ಮಳೆ. ನಾಲ್ವರ ತಂಡ, ಒಬ್ಬೊಬ್ಬರಾಗಿ ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯಬೇಕು, ಎರಡು ಸುತ್ತು, ನಾಲ್ವರ ಸಮಯ ಕೂಡಿಸಿ ಗೆಲುವು. ಶೆಡ್ಡಿನ ಮುಂದೆ ಮೊಮ್ಮಗಳು ಬೂಟನ್ನು ಬೈಂಡಿಂಗಿಗೆ ತುಳಿದಳು. ಕಚ್ಚಲಿಲ್ಲ. ಇನ್ನೊಮ್ಮೆ ಜೋರಾಗಿ ತುಳಿದಳು.

"ಇವತ್ತು ಗಟ್ಟಿಯಾಗಿದೆ, ಅಜ್ಜಿ."

"ಚಳಿಗೆ ಹಾಗೆ ಆಗ್ತದೆ. ಹೋಗು, ತಡ ಆಯ್ತು" ಎಂದೆ.

ಮೊದಲು ಇಳಿದವಳು ಕ್ಯಾಪ್ಟನ್. ಚೆನ್ನಾಗಿ ಇಳಿದಳು. ಕೊನೆಯ ಗೆರೆ ದಾಟಿ ಜೋರಾಗಿ ತಿರುಗಿ ನಿಲ್ಲುವಾಗ ಅವಳ ಬಲಗಾಲಿನ ಸ್ಕೀ ಕಳಚಿಕೊಂಡು ನನ್ನ ಕಡೆಗೆ ಜಾರಿ ಬಂತು. ಅವಳು ಒಂಟಿ ಕಾಲಿನಲ್ಲಿ ಕುಪ್ಪಳಿಸಿ ನಗುತ್ತಾ ನಿಂತಳು. "ಸಿಸ್ಟರ್, ನನ್ನ ಮೇಲೆ ಅದಕ್ಕೆ ಬೇಸರ ಬಂದಿದೆ" ಎಂದಳು.

ನಾನು ಸ್ಕೀ ಎತ್ತಿಕೊಂಡು ಅಭ್ಯಾಸಬಲದಿಂದ ನೀರು ಒರೆಸಿದೆ. ಬೈಂಡಿಂಗ್ ಮೇಲೆ ಬಟ್ಟೆ ಆಡಿಸುವಾಗ ಕಿಟಕಿ ಕಂಡಿತು. ಐದು ಎಂದಿತ್ತು. ನನ್ನದೇ ಕೈಬರಹದ ಟೇಪಿನ ಮೇಲೆ ಎಂಟು ಎಂದಿತ್ತು.

ಆಗ ಅರ್ಥವಾಯಿತು. ಹಸಿರು ಪೆನ್ನು ಹುಡುಗಾಟವಾಗಿರಲಿಲ್ಲ. ಜನವರಿಯಲ್ಲಿ ಫ್ರಾನ್ಸಿನಲ್ಲಿ ಇಬ್ಬರ ಜೋಡಿ ಅದಲುಬದಲಾಗಿರಬೇಕು, ಬೈಂಡಿಂಗನ್ನು ಹೊಸದಾಗಿ ಹೊಂದಿಸಿರಬೇಕು, ಗೋಡೆಯ ಪಟ್ಟಿಯನ್ನು ಮಾತ್ರ ಯಾರೂ ಬದಲಿಸಿರಲಿಲ್ಲ. ಮೊಮ್ಮಗಳದ್ದು ಕ್ಯಾಪ್ಟನ್ ಕಾಲಿಗೆ ಬಂದಿದೆ ಎಂದರೆ, ಕ್ಯಾಪ್ಟನ್‌ದು ಮೊಮ್ಮಗಳ ಕಾಲಿನಲ್ಲಿದೆ. ಎಂಟು. ಅವಳ ತೂಕಕ್ಕೆ ಅದು ಬಿಡುವುದೇ ಇಲ್ಲ.

ತಲೆ ಎತ್ತಿದೆ. ಗುಡ್ಡದ ತುದಿಯಲ್ಲಿ, ಹೊರಡುವ ಜಾಗದಲ್ಲಿ, ಅವಳ ನೀಲಿ ಹೆಲ್ಮೆಟ್ ಕಾಣುತ್ತಿತ್ತು. ಎರಡನೆಯವಳು ಅವಳೇ. ಕೂಗಬೇಕಾಗಿತ್ತು. ಪಕ್ಕದಲ್ಲೇ ವಯರ್‌ಲೆಸ್ ಹಿಡಿದ ಅಧಿಕಾರಿ ನಿಂತಿದ್ದರು, ಅವರಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ನಾನು ಹಾಗೆ ಮಾಡಲಿಲ್ಲ. ಖಚಿತಪಡಿಸಿಕೊಳ್ಳಬೇಕು ಎಂದುಕೊಂಡು ಕ್ಯಾಪ್ಟನ್‌ನ ಇನ್ನೊಂದು ಕಾಲಿನ ಸ್ಕೀಯ ಹತ್ತಿರ ಹೋಗಿ ಬಗ್ಗಿದೆ. ಕನ್ನಡಕಕ್ಕೆ ಮಳೆ ಹನಿ ಕೂತಿತ್ತು. ಕನ್ನಡಕ ತೆಗೆದು ಒರೆಸಿದೆ. ಮತ್ತೆ ಹಾಕಿಕೊಂಡು ಓದಿದೆ. ಅದೂ ಐದು. ಎರಡು ಸಲ ನೋಡದೆ ಯಾವುದನ್ನೂ ಹೇಳಬಾರದು ಎಂಬುದು ನನ್ನ ಕೆಲಸ ಕಲಿಸಿದ ಪಾಠ. ಎರಡನೆಯದನ್ನು ನೋಡುವ ಅಗತ್ಯವಿರಲಿಲ್ಲ.

ನೆಟ್ಟಗೆ ನಿಲ್ಲುವಷ್ಟರಲ್ಲಿ ಅವಳು ಹೊರಟಾಗಿತ್ತು.

ಆಮೇಲಿನದನ್ನು ಕಣ್ಣು ತೆರೆದೇ ನೋಡಿದೆ. ಒದ್ದೆ ಚಾಪೆಯ ಮೇಲೆ ಅವಳು ಎಂದಿಗಿಂತ ಜೋರಾಗಿ ಬರುತ್ತಿದ್ದಳು. ಗಟ್ಟಿಯಾಗಿ ಹಿಡಿದ ಸ್ಕೀ ಅವಳಿಗೆ ಧೈರ್ಯ ಕೊಟ್ಟಿತ್ತೋ ಏನೋ. ಮೊದಲ ಕಂಬ, ಎರಡನೆಯದು, ಮೂರನೆಯದು. ಪ್ರತಿ ತಿರುವಿನಲ್ಲಿ ಎಡ ಮೊಣಕಾಲು ಒಳಕ್ಕೆ ಬಾಗುತ್ತಿತ್ತು, ನನ್ನ ಎಡ ಮೊಣಕಾಲು ಅದರೊಡನೆ ಸೆಟೆದುಕೊಳ್ಳುತ್ತಿತ್ತು. ನಡುವಿನಲ್ಲಿ ಒಂದು ಕಡೆ ಸ್ಕೀಯ ಹಿಂಬದಿ ಜಾರಿತು, ಅವಳ ಸೊಂಟ ಚಾಪೆಗೆ ತಾಗುವಷ್ಟು ಕೆಳಗೆ ಹೋಯಿತು, ಒಂದು ಕೈ ನೆಲಕ್ಕೆ ಹೊಡೆಯಿತು. ಅವಳು ಎದ್ದಳು. ಹೇಗೆ ಎದ್ದಳೋ ನನಗೆ ಇವತ್ತಿಗೂ ತಿಳಿಯದು. ಗೆರೆ ದಾಟಿ, ನಿಂತು, ಹೆಲ್ಮೆಟ್ ತೆಗೆದು ನಕ್ಕಳು. ಅದು ಅವಳ ಅತ್ಯುತ್ತಮ ಸಮಯವಾಗಿತ್ತು. ಉಳಿದ ಇಬ್ಬರೂ ಇಳಿದ ಮೇಲೆ ನಮ್ಮ ತಂಡ ಮೊದಲ ಸ್ಥಾನದಲ್ಲಿತ್ತು.

ಎರಡನೆಯ ಸುತ್ತಿಗೆ ಅರ್ಧ ಗಂಟೆ ಇತ್ತು. ಎಲ್ಲರೂ ಶೆಡ್ಡಿನಲ್ಲಿ ಚಹಾ ಕುಡಿಯುತ್ತಿದ್ದರು, ಸ್ಕೀಗಳು ಹೊರಗೆ ನನ್ನ ವಶದಲ್ಲಿದ್ದವು. ಟೇಪುಗಳನ್ನು ಸದ್ದಿಲ್ಲದೆ ಅದಲುಬದಲು ಮಾಡಿದರೆ ಕೆಲಸ ಮುಗಿಯುತ್ತದೆ ಎಂಬ ಯೋಚನೆ ಬಂತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಟೇಪಿನ ಅಂಚಿನ ತನಕ ಹೋಗಿತ್ತು. ಆದರೆ ಮತ್ತೊಮ್ಮೆ ಯಾರಿಗೂ ಹೇಳದೆ ತಿದ್ದುವುದು ಎಂದರೆ ಅದೇ ತಪ್ಪನ್ನು ಎರಡನೆಯ ಸಲ ಮಾಡಿದ ಹಾಗೆ. ಒಳಗೆ ಹೋಗಿ ತರಬೇತುದಾರರಿಗೆ ಹೇಳಿದೆ. ನಿಂತುಕೊಂಡೇ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ.

ಅವರು ಹೊರಗೆ ಬಂದು ಎರಡೂ ಜೋಡಿಯ ಕಿಟಕಿಗಳನ್ನು ನೋಡಿದರು. "ಹಸಿರು ಪೆನ್ನು ನನ್ನದು. ಪಟ್ಟಿ ತಿದ್ದಬೇಕಾಗಿದ್ದವನೂ ನಾನೇ, ಬೆಳಿಗ್ಗೆ ನೋಡಬೇಕಾಗಿದ್ದವನೂ ನಾನೇ" ಎಂದರು. ಹಾಗೆ ಹೇಳಿದ್ದು ಅವರ ದೊಡ್ಡತನ. ಜೋಡಿಗಳನ್ನು ಅವರವರಿಗೆ ಕೊಟ್ಟರು.

ಕ್ಯಾಪ್ಟನ್ ಮೊಮ್ಮಗಳ ಬೆನ್ನಿಗೆ ಗುದ್ದಿದಳು. "ನನ್ನ ಸ್ಕೀಯಲ್ಲಿ ಬಂದದ್ದಕ್ಕೇ ನಿನಗೆ ಆ ಸಮಯ ಬಂದದ್ದು, ಕಳ್ಳಿ."

ಮೊಮ್ಮಗಳು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ಅಜ್ಜಿ, ಮಧ್ಯದಲ್ಲಿ ನಾನು ಜಾರಿದೆನಲ್ಲ. ಅಲ್ಲಿ ಬಿದ್ದಿದ್ದರೆ?"

ಏನೂ ಆಗುತ್ತಿರಲಿಲ್ಲ ಎನ್ನಬಹುದಿತ್ತು. ರೋಗಿಗಳು ನೇರವಾಗಿ ಕೇಳಿದಾಗ ನಾನು ಎಂದೂ ಸುಳ್ಳು ಹೇಳಿದವಳಲ್ಲ.

"ಬೈಂಡಿಂಗ್ ಬಿಡ್ತಿರಲಿಲ್ಲ. ಮೊಣಕಾಲು ಹೋಗ್ತಿತ್ತು" ಎಂದೆ.

ಅವಳು ಬಗ್ಗಿ ಎಡ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನೋವಿರಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಆಪರೇಷನ್ ಆದಾಗಲೂ ಅವಳ ಮುಖ ಹಾಗಿದ್ದುದನ್ನು ನಾನು ನೋಡಿರಲಿಲ್ಲ. ನನ್ನ ಮುಖ ಎರಡು ವರ್ಷದಿಂದ ಹಾಗೇ ಇತ್ತು ಎಂದು ಆಗ ಹೊಳೆಯಿತು.

ಎರಡನೆಯ ಸುತ್ತಿನಲ್ಲಿ ಅವಳ ಕಾಲಿನಲ್ಲಿ ಸರಿಯಾದ ಜೋಡಿ ಇತ್ತು, ಸರಿಯಾದ ಅಂಕಿ ಇತ್ತು. ಬಿದ್ದರೆ ಬಿಡುತ್ತಿತ್ತು. ಅವಳು ಬೀಳುವಷ್ಟು ವೇಗವಾಗಿ ಬರಲೇ ಇಲ್ಲ. ಬೆನ್ನು ನೇರ ಮಾಡಿಕೊಂಡು, ಕೈಗಳನ್ನು ಅಗಲಿಸಿಕೊಂಡು, ಪ್ರತಿ ಕಂಬದ ಮುಂದೆ ವೇಗ ತಗ್ಗಿಸುತ್ತಾ, ಮೊದಲ ದಿನ ಬಂದವರ ಹಾಗೆ ಇಳಿದಳು. ತಂಡಕ್ಕೆ ಮತ್ತೆ ಬೆಳ್ಳಿ. ಕ್ಯಾಪ್ಟನ್‌ಗೆ ಅದು ಕೊನೆಯ ವರ್ಷ. ಅವಳು ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಹಳೆಯ ಫೋಟೋಗಳನ್ನು ನೋಡಿ, ಆಮೇಲೆ ಬಂದು ಮೊಮ್ಮಗಳ ಹೆಲ್ಮೆಟ್ ತಟ್ಟಿದಳು. ಯಾರೂ ನನ್ನನ್ನು ಬೈಯಲಿಲ್ಲ.

ಕಾರಿನಲ್ಲಿ, ಮನೆ ಹತ್ತಿರವಾದಾಗ, ಅವಳು ಒಂದು ಪ್ರಶ್ನೆ ಕೇಳಿದಳು: "ನಿಮಗೆ ಯಾವಾಗಲೂ ಹೀಗೇ ಆಗುತ್ತದಾ ಅಜ್ಜಿ, ನಾನು ಇಳಿಯುವಾಗ?"

"ಹೌದು" ಎಂದೆ.

"ಹೇಗೆ ತಡ್ಕೊಳ್ತೀರಿ?"

ಇದನ್ನು ಅವಳು ಕನ್ನಡದಲ್ಲೇ ಕೇಳಿದಳು. ಸಾಮಾನು ಜೋಡಿಸ್ತೇನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಮಂಗಳವಾರ ಸೀಸನ್ ಮುಗಿದಿತ್ತು, ಇಳಿಜಾರು ಮಾತ್ರ ತೆರೆದಿತ್ತು. ಅವಳಾಗಿಯೇ ಹೊರಟಳು. ನಾನೂ ಬರಲೇ ಎಂದು ಕೇಳಿದೆ; ಕೇಳಿದ್ದು ಅದೇ ಮೊದಲು. ಬನ್ನಿ ಎಂದಳು. ಶೆಡ್ಡಿನ ಮುಂದೆ ತಾನೇ ಕಿಟಕಿ ನೋಡಿದಳು, ತಾನೇ ಬೂಟು ತುಳಿದಳು. ಎಳೆದೊಯ್ಯುವ ಹಗ್ಗ ಹಿಡಿದು ಮೇಲೆ ಹೊರಟವಳು ಗುಡ್ಡದ ಅರ್ಧದಲ್ಲೇ ಕೈಬಿಟ್ಟು ಪಕ್ಕಕ್ಕೆ ಸರಿದಳು. ಬಹಳ ಹೊತ್ತು ಅಲ್ಲೇ ನಿಂತಿದ್ದು ನಿಧಾನವಾಗಿ ಇಳಿದು ಬಂದಳು. ನನ್ನ ಕಡೆ ನೋಡದೆ ಮತ್ತೆ ಹಗ್ಗ ಹಿಡಿದಳು. ಮತ್ತೆ ಅರ್ಧಕ್ಕೇ ಹೋದಳು. ಶೆಡ್ಡಿನ ಬಾಗಿಲಲ್ಲಿ ಒದ್ದೆ ಗ್ಲವ್ಸುಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ನಾನು ಎರಡೂ ಕೈಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಮೇಲೆ ನೋಡುತ್ತಾ ನಿಂತೆ.