ಹುಕ್ಕೇರಿ ಹಾದಿಯ ಕಾವಲು

ಚಳಿ ಬಿದ್ದು ಕಬ್ಬಿನ ಗಾಣಗಳು ಶುರುವಾದವೆಂದರೆ ಕೊಣ್ಣೂರಿನ ತುಂಬ ಬೆಲ್ಲದ ವಾಸನೆ. ಊರಿಗೆಲ್ಲ ಅದು ಸುಗ್ಗಿ. ನಮ್ಮ ಅವ್ವನಿಗೆ ಮಾತ್ರ ಜೀವ ನಿಲ್ಲದ ಕಾಲ. ಅಕ್ಕನನ್ನು ಹುಕ್ಕೇರಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ನಸುಕಿನಲ್ಲಿ ಚಕ್ಕಡಿ ಹೂಡಿದರೆ ಸಂಜೆಯೊಳಗೆ ಮುಟ್ಟುವ ಊರು. ಎಳ್ಳ ಅಮಾವಾಸ್ಯೆಗೆ ಮಗಳು ಬರಬೇಕು, ನಮ್ಮ ಹೊಲದಲ್ಲಿ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನಬೇಕು. ಅವ್ವನ ಆಸೆ ಇಷ್ಟೇ.

ಮದುವೆಯಾದ ಮೊದಲ ವರ್ಷ ಬಂದವಳು ಮುಂದೆ ಬರಲಿಲ್ಲ. ಹಬ್ಬ ಹತ್ತಿರವಾದಾಗ ಆ ಕಡೆಯಿಂದ ಬರುವ ಯಾವನಾದರೂ ಗಾಡಿಯವನು ನಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದ: "ಹಾದಿ ಚಲೋ ಇಲ್ಲಂತ್ರಿ ಅವ್ವಾರ. ಈ ವರ್ಷ ಬ್ಯಾಡ ಅಂದಾರ."

ಹಾದಿ ಕೆಟ್ಟದ್ದೂ ಖರೆ. ಹೊಳೆಯ ಮಂಜು ರಸ್ತೆಗೆ ಇಳಿದರೆ ಮುಂದಿನ ಎತ್ತಿನ ಕೋಡೂ ಕಾಣುತ್ತಿರಲಿಲ್ಲ. ಬೆಲ್ಲದ ಗಾಡಿಯವರು ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು; ಎತ್ತುಗಳೇ ನಡೆದು ಗೋಕಾಕ ಮುಟ್ಟಿಸಬೇಕು. ಇದರ ನಡುವೆ ಹೊಸದಾಗಿ ಮೋಟಾರುಗಳು ಬೇರೆ. ಅವುಗಳ ಕೂಗು ಕೇಳಿದರೆ ಎತ್ತು ಬೆದರಿ ಹಳ್ಳಕ್ಕೆ ಇಳಿಯುತ್ತಿದ್ದವು. ಆದರೂ ಅವ್ವ ಹಾದಿಯನ್ನು ಬೈಯಲಿಲ್ಲ, ಬೀಗತಿಯನ್ನು ಬೈದಳು. "ಆಕಿಗೆ ನೆಪ ಬೇಕಾಗೇತಿ. ನನ್ನ ಕೂಸಿನ್ನ ಕಟ್ಟಿ ಹಾಕ್ಯಾಳ" ಎನ್ನುವಳು. ಇಷ್ಟಾದರೂ ಹಬ್ಬದ ಹಿಂದಿನ ದಿನ ಮಧ್ಯಾಹ್ನದಿಂದಲೇ ಕಟ್ಟೆಯ ಮೇಲೆ ಕೂತು ಹಾದಿ ಕಾಯುತ್ತಿದ್ದಳು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತಿಡುವುದಿಲ್ಲ. ಮಗಳೊಡನೆ ಉಣ್ಣಬೇಕೆಂದು ಕಾದು ಕಾದು, ಹೊತ್ತು ಮುಳುಗಿಸಿಕೊಂಡು, ಅವ್ವ ಉಪವಾಸ ಮಲಗುತ್ತಿದ್ದಳು. ಅಪ್ಪ ಏನಾದರೂ ಅಂದರೆ ಅವನಿಗೂ ಬೈಗುಳ.

ಒಂದು ಚಳಿಗಾಲ ನಮ್ಮೂರಿನದೇ ಒಂದು ಗಾಡಿಗೆ ಮೋಟಾರು ಬಡಿಯಿತು. ಗಾಡಿಯವನು ಸೊಂಟ ಮುರಿದುಕೊಂಡ. ಒಂದು ಎತ್ತು ಅಲ್ಲೇ ಸತ್ತಿತು. ಹಿರಿಯರು ಗೋಕಾಕಕ್ಕೆ ಹೋಗಿ ಪೊಲೀಸ್ ಫೌಜದಾರರ ಮುಂದೆ ನಿಂತರು. ಫೌಜದಾರರು ಕೈ ಆಡಿಸಿ, "ಮಂದಿನ್ನ ಕೊಡತೇನಿ. ಅವರ ಊಟ, ಭತ್ತೆ, ಕಂದೀಲಿನ ಎಣ್ಣಿ ಊರವರು ನೋಡ್ಕೋಬೇಕು" ಎಂದರಂತೆ.

ಬಸದಿಯ ಅಂಗಳದಲ್ಲಿ ಗಂಡಸರು ಕೂಡಿದರು. ಸರಕಾರದ ಕೆಲಸಕ್ಕೆ ನಾವೇಕೆ ಪಟ್ಟಿ ಹಣ ಕೊಡಬೇಕು ಎಂದು ಒಬ್ಬ, ಮೋಟಾರಿನ ಸಾಹುಕಾರ ಕೊಡಲಿ ಎಂದು ಇನ್ನೊಬ್ಬ. ಎಲೆ ಅಡಿಕೆ ತೀರಿತು, ಮಾತು ತೀರಲಿಲ್ಲ. ಹಿರಿಯರೆದುರು ಎಂದೂ ಬಾಯಿ ಬಿಡದ ನನ್ನ ಅವ್ವ ಸೆರಗು ಎಳೆದುಕೊಂಡು ಬಾಗಿಲಿನಿಂದಲೇ ಅಂದಳು: "ಗಾಣಕ್ಕ ಒಂದ ಪೆಂಟಿ ಬೆಲ್ಲ ತಗೀರಿ. ಮಾರಿ ಎಣ್ಣಿ ತರ್ರಿ. ಹೆಣ್ಣಮಕ್ಕಳು ತವರಿಗೆ ಬರೂದು ಬ್ಯಾಡೇನ್ರಿ?"

ಹಿಂದೆ ನಿಂತಿದ್ದ ಹೆಂಗಸರೆಲ್ಲ ಹೂಂಗುಟ್ಟಿದರು. ಅವರವರ ಮಗಳಂದಿರೂ ದೂರದಲ್ಲಿದ್ದರಲ್ಲ. ಮರುದಿನವೇ ಅವ್ವ ಬುಟ್ಟಿ ಹೊತ್ತು ಗಾಣದಿಂದ ಗಾಣಕ್ಕೆ ನಡೆದಳು, ನಾನು ಹಿಂದೆ. ಬಿಸಿ ಪೆಂಟಿ, ಬೆಲ್ಲದ ದೊಡ್ಡ ಉಂಡೆ, ಬುಟ್ಟಿಗೆ ಬಿದ್ದಾಗಲೆಲ್ಲ ಅವಳ ಮುಖ ಅರಳುತ್ತಿತ್ತು. ಅಷ್ಟು ಚೆಲುವಾಗಿ ನನ್ನ ಅವ್ವನನ್ನು ನಾನು ಮತ್ತೆಂದೂ ಕಾಣಲಿಲ್ಲ.

ಆ ಬೆಲ್ಲ ಮಾರಿದ ದುಡ್ಡಿನಲ್ಲಿ ಪೊಲೀಸರು ಬಂದರು. ಕಂದೀಲು ಹಿಡಿದು ಹಾದಿಯುದ್ದಕ್ಕೂ ತಿರುಗುವರು, ತಿರುವಿನಲ್ಲಿ ಮೋಟಾರು ನಿಲ್ಲಿಸುವರು, ಮಲಗಿದ ಗಾಡಿಯವರನ್ನು ಕೋಲಿನಿಂದ ತಿವಿದು ಎಬ್ಬಿಸುವರು. "ಎತ್ತಿಗೆ ಹಾದಿ ಗೊತ್ತೈತಿ, ಖರೆ. ಮೋಟಾರಿಗೆ ನೀ ಗೊತ್ತೇನಲೇ?" ಎಂದು ಒಬ್ಬ ಮೀಸೆಯವನು ಗದರಿಸುತ್ತಿದ್ದ. ಅವನಿಗೆ ಅವ್ವ ದಿನಾ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಹಾದಿ ಸುಧಾರಿಸಿತು. ಓಣಿಯ ಮನೆಗಳಿಗೆ ಒಬ್ಬೊಬ್ಬಳೇ ಮಗಳು ಬಂದಿಳಿದಳು. ನಮಗೆ ಈ ಸಲ ಹೇಳಿಕೆ ಬರುವ ಮೊದಲೇ ಅವ್ವ ಅಪ್ಪನನ್ನೂ ನನ್ನನ್ನೂ ಚಕ್ಕಡಿ ಹತ್ತಿಸಿದಳು.

ಅಕ್ಕನ ಮನೆ ಮುಟ್ಟಿದಾಗ ಅವರ ಗಾಣ ಭರದಿಂದ ನಡೆದಿತ್ತು. ಅಕ್ಕ ಕೊಪ್ಪರಿಗೆಯ ಬಳಿ ನಿಂತು ಆಳುಗಳಿಗೆ ಕೆಲಸ ಹೇಳುತ್ತಿದ್ದಳು. ಮೈ ತುಂಬಿಕೊಂಡಿದ್ದಳು, ದನಿ ಗಟ್ಟಿಯಾಗಿತ್ತು, ಸೊಂಟದಲ್ಲಿ ಕೀಲಿಕೈ ಗೊಂಚಲು. ಅಪ್ಪ ಅಳುಕುತ್ತ ಬೀಗತಿಯ ಮುಂದೆ ಮಾತು ತೆಗೆದ. ಆ ಮುದುಕಿ ನಕ್ಕುಬಿಟ್ಟಳು.

"ಕರ್ಕೊಂಡು ಹೋಗ್ರಿ ಬೀಗರ, ನಾ ಯಾವಾಗ ಬ್ಯಾಡ ಅಂದೇನ್ರಿ? ಹಾದಿ ಚಲೋ ಇಲ್ಲಂತ ಹೇಳಿ ಕಳಿಸ್ರಿ ಅನ್ನಾಕಿ ನಿಮ್ಮ ಮಗಳೇ."

ಅಕ್ಕ ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಕಣ್ಣು ತುಂಬಿದ್ದವು, ಸುಳ್ಳಲ್ಲ. ಆದರೂ ಕಿವಿ ಗಾಣದ ಕಡೆಗೇ ಇತ್ತು. "ಸುಗ್ಗ್ಯಾಗ ನನ್ನ ಮನಿ ಬಿಟ್ಟು ಹೆಂಗ ಬರ್ಲಿ? ಅವ್ವಗ ಹಾದೀದ ಹೇಳು."

"ಹಾದಿ ಚಲೋ ಆಗೇತಿ ಅಕ್ಕಾ. ಅವ್ವನೇ ಬೆಲ್ಲ ಎತ್ತಿ ಪೊಲೀಸರನ್ನ ಹಾಕಿಸ್ಯಾಳ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಹಂಗಾದ್ರ ಬ್ಯಾರೆ ಏನರ ಹೇಳು" ಎಂದಳು.

ನನಗೆ ಸಿಟ್ಟು ಬಂತು. "ನನ್ನ ಮನಿ" ಎಂದಳಲ್ಲ, ಆ ಮಾತು ಎದೆಗೆ ಚುಚ್ಚಿತು. ಮರುದಿನ ವಾಪಸು ಹೊರಟೆವು. ತಿರುವಿನಲ್ಲಿ ಮೀಸೆಯ ಪೊಲೀಸ ಚಕ್ಕಡಿಯೊಳಗೆ ಇಣುಕಿ, "ಅಕ್ಕಾರು ಎಲ್ಲಿ?" ಎಂದು ಕೇಳಿದ. ಅವನಿಗೂ ಅವ್ವ ಹೇಳಿಟ್ಟಿದ್ದಳು.

ಹೊತ್ತು ಇನ್ನೂ ಮೇಲಿರುವಾಗಲೇ ಮನೆ ಮುಟ್ಟಿದೆವು. ಅವ್ವ ಚಕ್ಕಡಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪ ಎತ್ತು ಬಿಚ್ಚುವ ನೆಪದಲ್ಲಿ ಹೊರಳಿ ನಿಂತ.

"ಹೆಂಗ ಅದಾಳ?" ಎಂದು ನನ್ನನ್ನು ಕೇಳಿದಳು.

ದಾರಿಯುದ್ದಕ್ಕೂ ಹೆಣೆದಿದ್ದ ಸುಳ್ಳು ಬಾಯಿಗೆ ಬರಲಿಲ್ಲ. "ಚಲೋ ಅದಾಳವ್ವಾ. ಕೀಲಿಕೈ ಆಕಿ ಸೊಂಟದಾಗ ಅದಾವು" ಎಂದೆ.

ಅವ್ವ ಕೀಲಿಕೈಯ ಅರ್ಥ ಬಲ್ಲ ಹೆಂಗಸು. ಬೀಗತಿಯನ್ನು ಬೈಯಲಿಲ್ಲ, ಮುಂದೆಂದೂ ಬೈಯಲಿಲ್ಲ. "ಚಲೋ ಆತು ಬಿಡು" ಎಂದು ಒಳಗೆ ಹೋಗಿ, ಬೆಳಕಿರುವಾಗಲೇ ತಾಟು ಹಾಕಿಕೊಂಡು ಕೂತು ಉಂಡಳು. ಅವಳು ಉಪವಾಸವಿದ್ದರೇ ವಾಸಿಯಿತ್ತು ಎಂದು ನನಗೆ ಅನಿಸಿತು.

ಮುಂದೆ ನನ್ನನ್ನು ಮೂಡಲಗಿಗೆ ಕೊಟ್ಟರು. ಅವ್ವ ಹೋಗಿ ಎಷ್ಟೋ ಸುಗ್ಗಿಗಳು ಕಳೆದವು. ಮೊಮ್ಮಕ್ಕಳು ತುಂಬಿದ ಈ ಮನೆಯಲ್ಲಿ ಕೂತಿದ್ದರೂ ಚಳಿ ಬಿದ್ದ ಕೂಡಲೇ ನನಗೆ ಅವ್ವ ಬೇಕೆನಿಸುತ್ತದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಆಗ ಕಣ್ಣ ಮುಂದೆ ಬರುವುದು, ಅಕ್ಕನಿಲ್ಲದೆ ಚಕ್ಕಡಿ ಮರಳಿದ ಮರುವರ್ಷದ ಒಂದು ಮುಂಜಾನೆ. ಕಾವಲಿಗೆಂದು ಊರಲ್ಲಿ ಮತ್ತೆ ಬೆಲ್ಲ ಎತ್ತುವ ಮಾತು ಬಂದಿತ್ತು. ಈ ಸಲ ನಮ್ಮ ಮನೆಯಿಂದ ಹೋಗಲಿಕ್ಕಿಲ್ಲ ಎಂದುಕೊಂಡಿದ್ದೆ. ನೋಡಿದರೆ ಯಾರಿಗಿಂತ ಮೊದಲು ಅವ್ವ ಬುಟ್ಟಿ ತೆಗೆದು, ನಮ್ಮ ಗಾಣದ ಒಳ್ಳೆಯ ಪೆಂಟಿಯನ್ನೇ ಆರಿಸಿ ಇಡುತ್ತಿದ್ದಳು.

"ಯಾರು ಬರಾವ್ರು ಅದಾರ ಅಂತ ಕೊಡಾಕತ್ತೀಯವ್ವಾ?" ಎಂದೆ, ಸ್ವಲ್ಪ ಬಿರುಸಾಗಿಯೇ.

ಅವ್ವ ತಲೆಯೆತ್ತಲಿಲ್ಲ. ಪೆಂಟಿಗೆ ಅಂಟಿದ ಬೂದಿಯನ್ನು ಸೆರಗಿನಿಂದ ಒರೆಸುತ್ತ ಅಂದಳು: "ನಿನ್ನನ್ನ ಇನ್ನೂ ಕೊಡೂದೈತಲ್ಲ."