ಕೆಳಗಿನಿಂದ ನೀರು ಬರುವವರೆಗೆ

ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೊರಟ ದಿನ ಲ್ಯಾಬ್ ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದಳು. ಗಿಡಗಳಿಗೆ ನೀರು ಹಾಕುವ ಕ್ರಮ, ದಪ್ಪ ಅಕ್ಷರದಲ್ಲಿ ಆರು ಸಾಲು. ಮೂರನೆಯ ಸಾಲಿನ ಕೆಳಗೆ ಎರಡು ಗೆರೆ: ಕೆಳಗಿನಿಂದ ನೀರು ಬರುವವರೆಗೆ ಹಾಕಬೇಕು, ಬಂದ ಕೂಡಲೇ ನಿಲ್ಲಿಸಬೇಕು. ತಂಗಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ ಒಪ್ಪಿಸಿದ ಮೇಲೆಯೇ ಅಕ್ಕ ಚೀಲ ಎತ್ತಿಕೊಂಡದ್ದು.

ಲ್ಯಾಬ್ ಅಕ್ಕ ಎನ್ನುವುದು ಕಟ್ಟಡದವರು ಇಟ್ಟ ಹೆಸರು. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳು ಮೂವತ್ತೊಂದು ವರ್ಷ ದುಡಿದಿದ್ದಳು. ಸೇರಿದಾಗ ಬಾಟಲಿ ತೊಳೆಯುವ ಕೆಲಸ, ನಿವೃತ್ತಳಾಗುವಾಗ ಪರೀಕ್ಷಕಿ. ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದರೆ ಸಾಕು, ನೀರು ಕೆಟ್ಟಿದೆಯೋ ಇಲ್ಲವೋ ಯಂತ್ರಕ್ಕಿಂತ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಆದರೂ ಯಂತ್ರ ಹೇಳುವವರೆಗೆ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಅಷ್ಟು ನಿಯಮದ ಹೆಂಗಸು.

ಈಗ ಅವಳ ಪ್ರಯೋಗಾಲಯವೆಂದರೆ ಮನೆಯ ಹಿಂದಿನ ಸಿಮೆಂಟಿನ ಅಂಗಳ. ಉದ್ದ ಒಂಬತ್ತು ಹೆಜ್ಜೆ, ಅಗಲ ನಾಲ್ಕು. ಅಗೆಯಲು ಒಂದು ಹಿಡಿ ಮಣ್ಣಿಲ್ಲ, ಗೋಡೆಯ ಕಡೆ ಹತ್ತರಿಂದ ಮೂರರವರೆಗೆ ಬಿಸಿಲು. ಅಲ್ಲಿ ನಲವತ್ತಮೂರು ಪಾತ್ರೆಗಳಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಪಾಲಕ್, ಮೂಲಂಗಿ, ಒಂದು ಕುಳ್ಳ ದಾಳಿಂಬೆ. ಪಾತ್ರೆಯೆಂದರೆ ಬಣ್ಣದ ಡಬ್ಬಿ, ಹಿಡಿ ಮುರಿದ ಬಕೆಟ್, ಎಣ್ಣೆಯ ಡಬ್ಬ, ಮಗಳು ಮಗುವಾಗಿದ್ದಾಗ ಮೀಯುತ್ತಿದ್ದ ಟಬ್ಬು. ಪ್ರತಿಯೊಂದರ ತಳದಲ್ಲಿ ಕಾಯಿಸಿದ ಸ್ಕ್ರೂಡ್ರೈವರಿನಿಂದ ಚುಚ್ಚಿದ ತೂತುಗಳು, ಹೊಟ್ಟೆಯ ಮೇಲೆ ಆಯಿಲ್ ಪೇಂಟಿನಲ್ಲಿ ಬರೆದ ಸಂಖ್ಯೆ. ಯಾವ ಸಂಖ್ಯೆಯಲ್ಲಿ ಏನು ಬಿತ್ತಿದ್ದು, ಯಾವಾಗ ಹೂ, ಎಷ್ಟು ಕಾಯಿ, ಎಲ್ಲವೂ ಹನ್ನೊಂದು ವರ್ಷದಿಂದ ನೋಟುಪುಸ್ತಕದಲ್ಲಿದೆ. ನಿಮ್ಮಕ್ಕ ಗುಜರಿ ಅಂಗಡಿಗೆ ನೀರು ಹಾಕುತ್ತಾಳೆ ಎಂದು ಮೇಲಿನ ಮನೆಗಳವರು ತಂಗಿಯನ್ನು ರೇಗಿಸುತ್ತಿದ್ದರು. ರೇಗಿಸಿದವರೇ ಸಂಜೆ ನಾಲ್ಕು ಮೆಣಸಿನಕಾಯಿಗೆ ಕೈಚಾಚುತ್ತಿದ್ದರು.

ಒಂದನೇ ಸಂಖ್ಯೆ ನಿಂಬೆಯದು. ಪ್ರಯೋಗಾಲಯದ ಹಿಂದೆ ಒಂದು ಹಳೆಯ ನಿಂಬೆಮರವಿತ್ತು. ವಾಹನ ನಿಲ್ಲಿಸುವ ಜಾಗಕ್ಕಾಗಿ ಅದನ್ನು ಕಡಿಯುತ್ತಾರೆಂದು ಗೊತ್ತಾದಾಗ ಅಕ್ಕ ಒಂದು ಕೊಂಬೆಯ ತೊಗಟೆ ಕೆರೆದು, ಒದ್ದೆ ಮಣ್ಣು ಕಟ್ಟಿ, ಬೇರು ಬರಿಸಿ ಮನೆಗೆ ತಂದಿದ್ದಳು. ಆ ಮರದ್ದೆಂದು ಭೂಮಿಯ ಮೇಲೆ ಉಳಿದದ್ದು ಅದೊಂದೇ. ಅದಕ್ಕೆ ಕೊಟ್ಟ ಮನೆ, ಅಕ್ಕತಂಗಿಯರು ಸೇರಿ ಕೊಂಡ ಮೊದಲ ವಾಷಿಂಗ್ ಮೆಷಿನ್ನಿನ ಸ್ಟೀಲ್ ಡ್ರಮ್. ಅದರ ಮೈತುಂಬ ತೂತು. ಒಟ್ಟು ಸಾವಿರದ ಇನ್ನೂರ ಎಂಟು, ಅಕ್ಕ ಎಣಿಸಿದ್ದಳು. ಹೋದ ವರ್ಷ ಆ ಗಿಡ ನೂರ ಅರವತ್ತೆರಡು ಕಾಯಿ ಕೊಟ್ಟಿತ್ತು.

ಅಕ್ಕ ಹೊರಟ ಮಾರನೆಯ ಬೆಳಗ್ಗೆ ಕಟ್ಟಡದ ಕಾರ್ಯದರ್ಶಿ ಇಬ್ಬರು ಆಳುಗಳೊಂದಿಗೆ ಅಂಗಳಕ್ಕೆ ಬಂದರು. ದೊಡ್ಡ ಹೋಟೆಲೊಂದರ ಸ್ವಾಗತ ವಿಭಾಗದಲ್ಲಿ ಆಯುಷ್ಯ ಕಳೆದವರು, ಹೊಳಪೆಂದರೆ ಪ್ರಾಣ. ಅಂದವಾದ ಕಟ್ಟಡಗಳಿಗೆ ಬಹುಮಾನ ಕೊಡುವ ಸಮಿತಿಯೊಂದು ಮುಂದಿನ ವಾರದ ಶನಿವಾರ ಬರುವುದಿತ್ತು. ಅದಕ್ಕಾಗಿ ಒಂದೇ ಅಚ್ಚಿನ, ಹಾಲಿನಂಥ ಬಿಳುಪಿನ ನಲವತ್ತು ಫೈಬರ್ ಕುಂಡಗಳು ಬಂದಿದ್ದವು. ತಂಗಿ ಬಟ್ಟೆ ಹೊಲಿಯುವವಳು. ಮೆಷಿನ್ ನಿಲ್ಲಿಸಿ ಹೊರಗೆ ಬಂದು, ಅಕ್ಕನನ್ನು ಒಂದು ಮಾತು ಕೇಳಿ ಎಂದಳು. ಕಾರ್ಯದರ್ಶಿ ನಕ್ಕರು.

"ಆಪರೇಷನ್ ಆದ ಕಣ್ಣಿಗೆ ಮೊದಲು ಇದೇ ಕಾಣ್ಲಿ ಬಿಡಮ್ಮ. ಹೇಳಿಬಿಟ್ರೆ ಏನು ಚೆಂದ?"

ತಂಗಿ ಕರಗಿಬಿಟ್ಟಳು. ಅವಳಿಗೆ ಅಕ್ಕನೆಂದರೆ ಭಯ, ಅದಕ್ಕಿಂತ ಹೆಚ್ಚು ಪ್ರೀತಿ. ಸಂಜೆಯೊಳಗೆ ಗಿಡಗಳು ಬಿಳಿ ಕುಂಡಗಳಿಗೆ ಹೋದವು, ಡಬ್ಬಿ ಬಕೆಟ್‌ಗಳು ಡ್ರಮ್ಮಿನೊಂದಿಗೆ ಗುಜರಿಗೆ ಹೋದವು. ಕುಂಡ ಸಾಲದ ಮೂರು ಗಿಡಗಳು ಎಲ್ಲಿಗೆ ಹೋದವೆಂದು ಯಾರೂ ನೋಡಲಿಲ್ಲ. ಕುಂಡಗಳ ತಳದಲ್ಲಿ ಒಂದೇ ಒಂದು ತೂತಿಲ್ಲವೆಂಬುದನ್ನೂ ಯಾರೂ ನೋಡಲಿಲ್ಲ.

ತಂಗಿ ಹಾಳೆ ಓದಿಕೊಂಡು ನೀರು ಹಾಕಿದಳು. ಕೆಳಗಿನಿಂದ ಬರಲಿಲ್ಲ. ಇನ್ನೊಂದು ಚೊಂಬು ಹಾಕಿದಳು, ಬರಲಿಲ್ಲ. ಮೂರನೆಯ ದಿನ ಫೋನಿನಲ್ಲಿ, ಗುಟ್ಟು ಬಿಡದೆ ಸುತ್ತಿಬಳಸಿ ಕೇಳಿದಳು, ಕೆಳಗಿನಿಂದ ನೀರು ಬರದಿದ್ದರೆ ಏನು ಮಾಡುವುದು ಎಂದು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅಕ್ಕ, ಇಷ್ಟು ವರ್ಷ ಹೇಳಿಕೊಟ್ಟರೂ ಇವಳ ತಲೆಗೆ ಹೋಗಲಿಲ್ಲವಲ್ಲ ಎಂದುಕೊಂಡು ಉತ್ತರ ಕೊಟ್ಟಳು.

"ಬಿಸಿಲು ಜಾಸ್ತಿ ಇರ್ಬೇಕು ಕಣೆ. ಬರೋವರೆಗೂ ಹಾಕು."

ತಂಗಿ ಹಾಕಿದಳು. ಕೊನೆಕೊನೆಗೆ ನೀರು ಕುಂಡದ ಅಂಚು ಮೀರಿ ಹೊರಗೆ ಚೆಲ್ಲಿ, ಸುತ್ತ ಇಳಿದು ಕೆಳಗೆ ಬಂತು. ಬಂತಲ್ಲ ಎಂದು ನಿಲ್ಲಿಸಿದಳು.

ಒಂಬತ್ತನೆಯ ದಿನ, ಗುರುವಾರ, ಕಪ್ಪು ಕನ್ನಡಕ ಹಾಕಿಕೊಂಡು ಅಕ್ಕ ಮರಳಿದಳು. ಅವಳಿಗೆ ಮೊದಲು ಕಂಡದ್ದು ಬಿಳುಪಲ್ಲ. ಹಿಂಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ಕೊಳೆತ ಮೊಟ್ಟೆಯ ವಾಸನೆ. ಗಾಳಿ ಸಿಗದ ನೀರಿನಲ್ಲಿ ಬೇರು ಸಾಯುವಾಗ ಬರುವ ವಾಸನೆ ಅದು. ಆಮೇಲೆ ನೋಡಿದಳು. ನಲವತ್ತು ಬಿಳಿ ಕುಂಡ, ಸೈನಿಕರ ಹಾಗೆ ಮೂರು ಸಾಲು. ಟೊಮೆಟೊ ಬುಡದಿಂದ ಹಳದಿ. ಮೆಣಸಿನಗಿಡ ಕೆಸರಿನಲ್ಲಿ ನಿಂತು ಬಾಡಿದೆ. ನಿಂಬೆಯ ಎಲೆಗಳು ದೋಣಿಯ ಹಾಗೆ ಮಡಚಿಕೊಂಡಿವೆ. ಒಂದನೇ ಸಂಖ್ಯೆಯಿಲ್ಲ, ಯಾವ ಸಂಖ್ಯೆಯೂ ಇಲ್ಲ. ಹನ್ನೊಂದು ವರ್ಷದ ನೋಟುಪುಸ್ತಕ ಒಂದು ಮಧ್ಯಾಹ್ನದಲ್ಲಿ ರದ್ದಿಯಾಗಿತ್ತು.

ತಂಗಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅಕ್ಕ ಅವಳ ಮೇಲೆ ಕೂಗಾಡಲಿಲ್ಲ. ಗ್ಯಾಸ್ ಹಚ್ಚಿ ಎರಡು ಸ್ಕ್ರೂಡ್ರೈವರ್ ಕಾಯಲು ಇಡು ಎಂದಳಷ್ಟೆ. ನಿಂಬೆಗೆ ಇನ್ನೆರಡು ದಿನ ಇದೇ ಕೆಸರಾದರೆ ಉಳಿದ ಬೇರೂ ಹೋಗುತ್ತದೆ ಎಂಬುದು ಅವಳ ಅಂದಾಜು. ವೈದ್ಯರು ಬಗ್ಗಬಾರದೆಂದು ಕಟ್ಟಪ್ಪಣೆ ಮಾಡಿದ್ದರಿಂದ ಅವಳು ಕಂಬದ ಹಾಗೆ ನೆಟ್ಟಗೆ ನಿಂತು ಹೇಳಿದಳು, ತಂಗಿ ಕುಕ್ಕರುಗಾಲಿನಲ್ಲಿ ಕೂತು ಚುಚ್ಚಿದಳು. ತಳದಿಂದ ಎರಡು ಬೆರಳು ಮೇಲೆ, ಸುತ್ತಲೂ ಆರು ತೂತು. ಒಂದು ತಣ್ಣಗಾಗುವಷ್ಟರಲ್ಲಿ ಒಳಗೆ ಓಡಿ ಇನ್ನೊಂದನ್ನು ತರುವುದು. ನಿಂಬೆಯ ಕುಂಡದಿಂದ ಕಪ್ಪು ನೀರು ಚಿಮ್ಮಿ ಅಂಗಳದ ತುಂಬ ಹರಿಯಿತು.

ವಾಸನೆಗೋ ಹೊಗೆಗೋ ಕಾರ್ಯದರ್ಶಿ ಇಳಿದು ಬಂದರು. ಹೊಸ ಕುಂಡಕ್ಕೆ ತೂತು ಕಂಡು ಅವರ ಮುಖ ಬಿಳಿಚಿಕೊಂಡಿತು. ಒಳ್ಳೆಯದಕ್ಕೇ ಮಾಡಿದ್ದು ಎಂದರು, ಎಲ್ಲರ ಒಪ್ಪಿಗೆ ಇತ್ತು ಎಂದರು, ಶನಿವಾರ ಸಮಿತಿ ಬಂದು ಹೋಗಲಿ, ಆಮೇಲೆ ಏನು ಬೇಕಾದರೂ ಮಾಡಿಕೊಳ್ಳಿ ಎಂದರು. ಅಕ್ಕ ಒಂದು ಮಗ್ಗಿನಲ್ಲಿ ಆ ಕಪ್ಪು ನೀರು ಹಿಡಿಸಿ ಅವರ ಕೈಗೆ ಕೊಡಿಸಿದಳು.

"ಮೂಸಿ ನೋಡಿ ಸಾರ್."

ಅವರು ಮೂಸಿದರು. ಮಗ್ಗನ್ನು ತೋಳಿನಷ್ಟು ದೂರ ಹಿಡಿದರು.

"ನಿಮ್ಮ ಹೋಟೆಲಿನ ಕೋಣೇಲಿ ಬಚ್ಚಲಿಗೆ ತೂತು ಇಡ್ತಿದ್ರೋ ಇಲ್ವೋ?" ಅಕ್ಕನ ದನಿ ಏರಲಿಲ್ಲ. "ಎಂಟು ದಿನದಿಂದ ಇವು ಅದರಲ್ಲೇ ನಿಂತಿವೆ. ಎಲ್ಲರ ಒಪ್ಪಿಗೆ ಅಂದ್ರಲ್ಲ, ನನ್ನ ಒಪ್ಪಿಗೆ ಯಾವ ಲೆಕ್ಕದಲ್ಲಿ ಬಂತು?"

ಕಾರ್ಯದರ್ಶಿ ತಂಗಿಯ ಕಡೆ ತಿರುಗಿ, ನೀವು ಹೂಂ ಅಂದಿದ್ದಿರಲ್ಲಮ್ಮ ಎಂದರು. ತಂಗಿ ಕೂತಲ್ಲಿಂದಲೇ ತಲೆಯೆತ್ತಿದಳು. ಕೈಯಲ್ಲಿ ಸ್ಕ್ರೂಡ್ರೈವರ್ ಹೊಗೆಯಾಡುತ್ತಿತ್ತು.

"ಅಂದೆ. ನಂದೂ ತಪ್ಪೇ. ಅದಕ್ಕೇ ನಾನು ಕೆಳಗೆ ಕೂತಿದೀನಿ. ನೀವು ಯಾಕೆ ಇನ್ನೂ ನಿಂತಿದೀರಿ?"

ಗುಜರಿಗೆ ಹೋದ ಡ್ರಮ್ ಬಂದ ಮೇಲೆ ಮಾತು ಎಂದಳು ಅಕ್ಕ.

ಗುಜರಿಯವನು ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದನಂತೆ. ಸಂಖ್ಯೆ ಬರೆದದ್ದು ನೋಡಿ, ಯಾರಾದರೂ ಹುಡುಕಿಕೊಂಡು ಬಂದೇ ಬರುತ್ತಾರೆಂದು ಒಡೆಯದೆ ಇಟ್ಟಿದ್ದನಂತೆ. ಉಳಿದ ಡಬ್ಬಿಗಳು ಹೋಗಿಬಿಟ್ಟಿದ್ದವು. ಹಾಲುಬಿಳುಪಿನ ಅಂಗಿಯ ಕಾರ್ಯದರ್ಶಿ ಆ ಡ್ರಮ್ಮನ್ನು ಎದೆಗವಚಿಕೊಂಡು ಇಡೀ ಬೀದಿ ನಡೆದು ಬಂದದ್ದನ್ನು ಕಿಟಕಿಗಳೆಲ್ಲ ನೋಡಿದವು. ಅಂಗಿಯ ಮೇಲೆ ಮೂಡಿದ ಚುಕ್ಕಿಚುಕ್ಕಿ ಕಲೆ ಹೋಗಲಿಲ್ಲವೆಂದು ಆಮೇಲೆ ಅವರ ಹೆಂಡತಿಯೇ ಹೇಳಿದಳು.

ನಿಂಬೆಯನ್ನು ಕಿತ್ತಾಗ ಬೇರುಗಳಲ್ಲಿ ಮುಕ್ಕಾಲು ಪಾಲು ಕಂದು, ಹಿಡಿದರೆ ಸಿಪ್ಪೆ ಜಾರುತ್ತಿತ್ತು. ಉಳಿದದ್ದು ಗಟ್ಟಿ, ಬಿಳಿ. ಕೊಳೆತದ್ದನ್ನು ತಂಗಿ ಬಟ್ಟೆಯ ಕತ್ತರಿಯಿಂದಲೇ ಕತ್ತರಿಸಿದಳು. ಬಟ್ಟೆ ಬಿಟ್ಟು ಬೇರೇನನ್ನೂ ಆ ಕತ್ತರಿಗೆ ಮುಟ್ಟಿಸದವಳು ಅವಳು. ಅಕ್ಕ ಅದನ್ನು ಗಮನಿಸಿದಳು. ಒಣ ಮಣ್ಣು, ಮರಳು, ಡ್ರಮ್. ಶನಿವಾರ ಬೆಳಗಾಗುವಷ್ಟರಲ್ಲಿ ಎಲೆಗಳೆಲ್ಲ ಉದುರಿ ಕೆಳಗೆ ಬಿದ್ದಿದ್ದವು.

ಸಮಿತಿಯವರು ಬಂದರು. ಒಬ್ಬ ಹೆಂಗಸು ಬಗ್ಗಿ ಕುಂಡದ ಬುಡ ನೋಡಿ, ನೀರು ಬಸಿಯಲು ಎಷ್ಟು ಅಚ್ಚುಕಟ್ಟಾಗಿ ತೂತು ಮಾಡಿದ್ದೀರಿ, ಬೇರೆ ಕಟ್ಟಡಗಳಲ್ಲಿ ಇದು ಯಾರಿಗೂ ಹೊಳೆದಿಲ್ಲ ಎಂದಳು. ನಮ್ಮಲ್ಲಿ ಮೊದಲಿನಿಂದಲೂ ಇದೇ ಪದ್ಧತಿ ಎಂದು ಕಾರ್ಯದರ್ಶಿ ಕೈಕಟ್ಟಿಕೊಂಡು ನುಡಿದರು. ಕಿಟಕಿಯ ಹಿಂದೆ ನಿಂತಿದ್ದ ಅಕ್ಕನ ಮೈಯೆಲ್ಲ ಉರಿದುಹೋಯಿತು. ಬಹುಮಾನಪತ್ರ ಈಗ ಮೆಟ್ಟಿಲ ಬುಡದಲ್ಲಿ ಗಾಜಿನೊಳಗಿದೆ. ಅಕ್ಕ ಅದರ ಮುಂದೆ ಹಾದುಹೋಗುವಾಗಲೆಲ್ಲ ಮುಖ ತಿರುಗಿಸುತ್ತಾಳೆ.

ಬಾಗಿಲ ಹಿಂದಿನ ಹಾಳೆ ಅಲ್ಲಿಯೇ ಇದೆ. ಬರೋವರೆಗೂ ಹಾಕು ಎಂದು ಫೋನಿನಲ್ಲಿ ತಾನೇ ಹೇಳಿದ್ದನ್ನು ತಂಗಿ ಒಮ್ಮೆಯೂ ಎತ್ತಿ ಆಡಲಿಲ್ಲವೆಂಬುದು ಅಕ್ಕನಿಗೆ ಚುಚ್ಚುತ್ತಲೇ ಇತ್ತು. ಒಂದು ದಿನ ನೋಡುತ್ತಾಳೆ, ಆರು ಸಾಲಿನ ಕೆಳಗೆ ತಂಗಿಯ ಕೈಬರಹದಲ್ಲಿ ಏಳನೆಯದು: ನೀರು ಬರದಿದ್ದರೆ ತಳ ನೋಡಬೇಕು, ಅಕ್ಕ ಇನ್ನೂ ಹಾಕು ಎಂದರೂ ನಿಲ್ಲಿಸಬೇಕು. ಅಕ್ಕ ಪೆನ್ನು ತಂದು ಅದರ ಕೆಳಗೂ ಎರಡು ಗೆರೆ ಎಳೆದಳು.

ಡ್ರಮ್ಮಿಗೆ ನೆಟ್ಟ ಮೂವತ್ತನಾಲ್ಕನೆಯ ದಿನ ನಿಂಬೆಯ ಬುಡದಿಂದ ಒಂದು ಗೇಣು ಮೇಲೆ, ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಅಕ್ಕ ಭೂತಗನ್ನಡಿ ಹಿಡಿದು ಖಾತ್ರಿ ಮಾಡಿಕೊಂಡು, ಇನ್ನೂ ಎರಡು ದಿನ ಕಾದು, ಹೊಸ ನೋಟುಪುಸ್ತಕದಲ್ಲಿ ಬರೆದಳು. ಸುದ್ದಿ ಮೇಲಿನ ಮನೆಗಳಿಗೆ ಹೋಯಿತು. ಸಂಜೆ ಕಾರ್ಯದರ್ಶಿ ಅಂಗಳದ ಬಾಗಿಲಲ್ಲಿ ನಿಂತು, ನಿಂಬೆ ಚಿಗುರಿತಂತಲ್ಲ ಅಕ್ಕ, ಇನ್ನಾದರೂ ಸಮಾಧಾನವಾಯಿತೇ ಎಂದು ಕೇಳಿದರು.

"ಚಿಗುರಿದೆ," ಎಂದಳು ಅಕ್ಕ. "ಹಳೇ ಪುಸ್ತಕದ ಹನ್ನೆರಡು, ಇಪ್ಪತ್ತೊಂಬತ್ತು, ನಲವತ್ತೊಂದು. ಆ ಮೂರು ಗಿಡ ಎಲ್ಲಿ ಅಂತ ವಿಚಾರಿಸಿ ಬನ್ನಿ, ಆಮೇಲೆ ಹೇಳ್ತೀನಿ."