ಗಾಳ ಬಿಡಿಸುವವರೆಗೆ

ನಾನು ನಿಂತಿದ್ದದ್ದು ಇಂಗ್ಲಿಷರ ನಾಡಿನ ಹೇಸ್‌ನಲ್ಲಿ, ಕಾಲುವೆ ದಂಡೆಯ ಕಾಲುದಾರಿಯ ಮೇಲೆ. ಬೆನ್ನಿಗೆ ಗೋದಾಮಿನ ತಂತಿಬೇಲಿ, ಎಡಕ್ಕೆ ಇಟ್ಟಿಗೆಯ ಸೇತುವೆ. ಕಳೆದ ವರ್ಷದ ಫೆಬ್ರವರಿ, ಶನಿವಾರ, ಬೆಳಗಿನ ಎಂಟು ಗಂಟೆ ಆಗಷ್ಟೇ ದಾಟಿತ್ತು. ಡಾಕ್ಟರು ನನ್ನೆದುರು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಒದ್ದೆ ಚಾಪೆಯ ಮುಂದೆ ಮೊಣಕಾಲೂರಿದ್ದರು. ಚಾಪೆಯ ಮೇಲೆ ಅವರ ತೋಳಿಗಿಂತ ಉದ್ದದ ಮೀನು. ಅವರ ಎಡಗೈಯ ಎರಡು ಬೆರಳು ಅದರ ಕಿವಿರಿನ ಮುಚ್ಚಳದ ಕೆಳಗಿದ್ದವು. ಬಲಗೈಯಲ್ಲಿ ಉದ್ದ ಮೂತಿಯ ಇಕ್ಕಳವಿತ್ತು. ಆ ಬಲಗೈ ಒಮ್ಮೆ ನಿಂತಿತು. ಆಮೇಲೆ ಮತ್ತೆ ಕೆಲಸ ಮುಂದುವರಿಸಿತು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಡಾಕ್ಟರು ತೀರಿಕೊಂಡ ಮೇಲೆ ನಮ್ಮ ಕನ್ನಡದ ಮಂದಿಯಲ್ಲಿ ಬಗೆಬಗೆಯ ಮಾತು ಹಬ್ಬಿತು. ದೊಡ್ಡ ಮೀನು ಅವರನ್ನು ನೀರಿಗೆಳೆಯಿತಂತೆ, ಕಾಲು ಜಾರಿತಂತೆ. ಸೌತ್‌ಹಾಲ್‌ನ ತರಕಾರಿ ಅಂಗಡಿಯಲ್ಲಿ ಸಿಕ್ಕ ಪರಿಚಯದವರೊಬ್ಬರು ಕೊತ್ತಂಬರಿ ಆರಿಸುತ್ತಲೇ, "ಪ್ರಾಣಿಹಿಂಸೆ ಸುಮ್ನೆ ಬಿಡತ್ತಾ?" ಅಂದರು. ಇವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ನಿಜವಾಗಿ ಉತ್ತರ ಬೇಕಿದ್ದದ್ದು ಒಬ್ಬರಿಗೆ, ಅವರ ಹೆಂಡತಿಗೆ. ಹನ್ನೊಂದನೆಯ ದಿನದ ಊಟ ಮುಗಿದು ಎಲ್ಲರೂ ಎದ್ದಾಗ ಅವರು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ ಕೇಳಿದ್ದರು: "ಖರೇ ಹೇಳು. ಆ ಮೀನಿನ ಸಲುವಾಗಿ ತಡಾ ಆತೇನು?"

ಡಾಕ್ಟರು ಧಾರವಾಡದವರು. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರಾಗಿ ಬದುಕಿನ ಮುಕ್ಕಾಲು ಪಾಲು ಕಳೆದು, ನಿವೃತ್ತರಾಗಿ ಪಿನ್ನರ್‌ನಲ್ಲಿದ್ದರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುತ್ತಿರಲಿಲ್ಲ. ಆದರೂ ಚಳಿಗಾಲದ ಪ್ರತಿ ಶನಿವಾರ ಕಾಲುವೆಗೆ ಬಂದು ಪೈಕ್ ಹಿಡಿಯುತ್ತಿದ್ದರು. ಪೈಕ್ ಎಂದರೆ ಇಲ್ಲಿನ ಸಿಹಿನೀರಿನ ದೊಡ್ಡ ಬೇಟೆಮೀನು. ಬಾತುಕೋಳಿಯಂಥ ಮೂತಿ, ಒಳಗೆ ಮೊಸಳೆಯಂಥ ಹಲ್ಲು. ಅದಕ್ಕೆ ಅವರು ಹುಳು ಕಟ್ಟುತ್ತಿರಲಿಲ್ಲ, ಸತ್ತ ಮೀನನ್ನೂ ಕಟ್ಟುತ್ತಿರಲಿಲ್ಲ. ಕಟ್ಟುತ್ತಿದ್ದದ್ದು ಮರದ ಅಥವಾ ರಬ್ಬರಿನ ಹುಸಿಮೀನು, ಒಂದೊಂದೂ ಬದನೆಕಾಯಿಯಷ್ಟು ದಪ್ಪ. ಇಲ್ಲಿನವರು ಲ್ಯೂರ್ ಅನ್ನುವುದನ್ನು ಅವರು 'ಆಟಿಗಿ' ಅನ್ನುತ್ತಿದ್ದರು. "ಆಟಿಗಿ ದೊಡ್ಡದಿದ್ರ ಸಣ್ಣ ಮರಿ ಬಾಯಿ ಹಾಕೂದಿಲ್ಲ, ದೊಡ್ಡದು ನುಂಗೂದಿಲ್ಲ. ತುಟಿಗೇ ಸಿಗತದ, ಬಿಡಸಾಕ ಸಲೀಸು." ಗಾಳದ ಮುಳ್ಳಿನ ಹಿಮ್ಮುಖ ಕೊಕ್ಕೆಗಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡು ಬರುತ್ತಿದ್ದರು. ಹೀಗಾಗಿ ಸಿಕ್ಕ ಮೀನುಗಳಲ್ಲಿ ಅರ್ಧ ತಪ್ಪಿಸಿಕೊಳ್ಳುತ್ತಿದ್ದವು. ಉಳಿದವನ್ನೆಲ್ಲ ಅವರೇ ನೀರಿಗೆ ಬಿಡುತ್ತಿದ್ದರು.

ಅವರು ನನಗೆ ಸಿಕ್ಕಾಗ ನನ್ನ ಕೆಲಸ ಹೋಗಿತ್ತು. ಹೊಸ ಕಂಪನಿ ಸಿಗದಿದ್ದರೆ ವೀಸಾ ಕೂಡ ಹೋಗುತ್ತಿತ್ತು. ಬಾಡಿಗೆಯ ಕೋಣೆಯಲ್ಲಿ ಕೂರಲಾರದೆ ಬೆಳಗಾದರೆ ಕಾಲುವೆಗೆ ಬಂದು ನೀರು ನೋಡುತ್ತಿದ್ದೆ. ಒಂದು ದಿನ ಸೇತುವೆಯ ಕೆಳಗೆ ಉಣ್ಣೆಯ ಟೋಪಿಯ ಮುದುಕರೊಬ್ಬರು ನೀರಿಗೆ ಬೈಯುತ್ತಿದ್ದರು: "ಬಾರೋ ಮಗನ, ಎಷ್ಟು ದಿಮಾಕು ಮಾಡತೀ!" ನಾನು ನಕ್ಕುಬಿಟ್ಟೆ. ಅವರು ತಿರುಗಿ ನೋಡಿ, ಯಾರು ಎತ್ತ ಎಂದು ಕೇಳದೆ, "ಕನ್ನಡ ತಿಳೀತದಲ್ಲ? ಮತ್ಯಾಕ ಸುಮ್ನ ನಿಂತೀ, ಈ ಬಲಿ ಹಿಡಿ," ಎಂದು ಬಲೆಯ ಕೋಲನ್ನು ನನ್ನ ಕೈಗಿತ್ತರು. ಆಮೇಲಿನ ಎಷ್ಟೋ ಶನಿವಾರ ನಾನು ಅದೇ ಕೆಲಸ ಮಾಡಿದೆ. ಕೆಲಸ ಸಿಕ್ಕಿತೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಸಿಕ್ಕ ದಿನ ನಾನೇ ಹೇಳಿದಾಗ, "ಛಲೋ ಆತು. ಶನಿವಾರ ಸೂಟಿ ಅದನೋ ಇಲ್ಲೋ?" ಅಂದರು.

ಅವರಲ್ಲಿ ನಾನು ಕಲಿತದ್ದು ಮೀನು ಹಿಡಿಯುವುದನ್ನಲ್ಲ, ಬಿಡುವುದನ್ನು. ಮೊದಲು ಚಾಪೆ ತೋಯಿಸಬೇಕು, ಕೈ ತೋಯಿಸಬೇಕು. ಒಣಗೈ ತಗುಲಿದರೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ. ಗಾಳ ಬಿಡಿಸಿ, ನೀರಲ್ಲಿ ಹೊಟ್ಟೆಯ ಕೆಳಗೆ ಒಂದು ಕೈ, ಬಾಲದ ಬುಡದಲ್ಲಿ ಒಂದು ಕೈ ಇಟ್ಟು ಕಾಯಬೇಕು. ನಾನು ಮೊದಲ ಸಲ ಅವಸರದಲ್ಲಿ ಮುಂದಕ್ಕೆ ತಳ್ಳಿದೆ. ಮೀನು ಮಗುಚಿ ಬಿಳಿ ಹೊಟ್ಟೆ ತೋರಿಸಿತು. ಅವರು ಬೂಟಿನ ಸಮೇತ ನೀರಿಗಿಳಿದು ಅದನ್ನು ನೆಟ್ಟಗೆ ಮಾಡಿ, ಬೆರಳು ನೀಲಿಗಟ್ಟುವವರೆಗೆ ಹಿಡಿದು ನಿಂತರು. ಅದು ಬಾಲ ಬೀಸಿ ಹೋದ ಮೇಲೆಯೇ ಬಾಯಿ ಬಿಟ್ಟರು: "ಮಲಗಸೂದು ಏನು ದೊಡ್ಡ ಮಾತಲ್ಲೋ ತಮ್ಮಾ. ಎದ್ದು ತನ್ನ ಉಸರು ತಾ ತಗೊಳ್ಳೂ ತನಕಾ ಕೈ ಬಿಡಬಾರದು."

ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಕುಂದಾಪುರದ ಗೆಳೆಯರೊಬ್ಬರು ಎಲ್ಲರೆದುರು ಕಾಲೆಳೆದರು: "ಎಂಥದು ಡಾಕ್ಟ್ರೇ, ಹಿಡ್ದ ಮೀನನ್ನ ವಾಪಸ್ ಬಿಡೂದಾ? ನಮ್ಮಮ್ಮಂಗೆ ಗೊತ್ತಾದ್ರೆ ಸೌಟು ಹಿಡ್ಕಂಡು ಬರ್ತ್ರ್ ಮಾರಾಯ್ರೆ!"

ಸುತ್ತ ಕೂತವರು ನಕ್ಕರು. ಡಾಕ್ಟರೂ ನಕ್ಕು ಹೋಳಿಗೆ ಮುರಿಯುತ್ತಾ ಹೇಳಿದರು: "ನಿಮ್ಮದು ಹಸಿವು, ಅದಕ್ಕ ನ್ಯಾಯ ಅದ. ನಂದು ಚಟ. ತಪ್ಪು ನಂದ. ಅದಕ್ಕಽ ಬಿಡೂ ಮುಂದ ಇಷ್ಟು ಒದ್ದಾಡತೀನಿ."

ಪಕ್ಕದಲ್ಲಿದ್ದ ಅವರ ಹೆಂಡತಿ, "ಒದ್ದಾಡೂದು ಇವರಲ್ಲರೀ, ಮೀನ. ಇವರು ಮನೀಗೆ ಬಂದು ಬಿಸಿ ಬಿಸಿ ಚಾ ಕುಡೀತಾರ," ಅಂದರು. ಆಟಿಗಿಗಳ ಪೆಟ್ಟಿಗೆಗೆ ಆ ಮನೆಯ ಹೊಸ್ತಿಲೊಳಗೆ ಪ್ರವೇಶವಿರಲಿಲ್ಲ. ಅದರ ಜಾಗ ಗ್ಯಾರೇಜಿನಲ್ಲಿ.

ಆ ಫೆಬ್ರವರಿಯ ಮೀನು ನಾನು ಕಂಡದ್ದರಲ್ಲೇ ದೊಡ್ಡದು. ಬಲೆ ಹಾಕಿದವನು ನಾನು. ಆಟಿಗಿಯ ಎರಡು ಗಾಳಗಳು ಅದರ ಬಾಯಲ್ಲಿದ್ದವು. ಮೊದಲನೆಯದು ಬಂತು. ಆಗಲೇ ಡಾಕ್ಟರ ಕೈ ನಿಂತದ್ದು. ಮುಖ ನೋಡಿದೆ. ಅಂಥ ಚಳಿಯಲ್ಲೂ ಹಣೆಯ ಮೇಲೆ ಬೆವರಿತ್ತು. "ಸರ್?" ಅಂದೆ. ಅವರು ತಲೆಯೆತ್ತಲಿಲ್ಲ. ಇಕ್ಕಳವನ್ನು ಮತ್ತೆ ಬಾಯೊಳಗಿಟ್ಟು, ಎರಡನೆಯ ಗಾಳವನ್ನು ತಿರುಗಿಸಿ, ತೆಗೆದರು. ಇಕ್ಕಳ ಕೆಳಗಿಟ್ಟು ಪಕ್ಕಕ್ಕೆ ಕೂತರು. ಎದೆಯ ಮೇಲೆ ಅಂಗೈಯಿಟ್ಟು, ಬೇರೆ ಯಾರದೋ ಕಾಯಿಲೆಯನ್ನು ಹೇಳುವವರಂತೆ, "ಹಾರ್ಟ್ ಅದ ಇದು. ಫೋನ್ ಮಾಡು," ಅಂದರು.

ನಾನು ಫೋನ್ ಮಾಡಿದೆ. ಸೇತುವೆಯ ಹೆಸರು ಹೇಳಲು ಬಾರದೆ ಗೋದಾಮಿನ ಗೋಡೆಯ ಬೋರ್ಡು ಓದಲು ಬೇಲಿಯುದ್ದಕ್ಕೂ ಆ ತುದಿಗೆ ಓಡಿದೆ. ಅಷ್ಟರಲ್ಲಿ ಅದೇ ದಂಡೆಗೆ ಕಟ್ಟಿದ್ದ ದೋಣಿಮನೆಯಿಂದ ಗಂಡಹೆಂಡತಿ ಇಬ್ಬರು ಇಳಿದು ಬಂದಿದ್ದರು. ಗಂಡ, ಟೆರ್ರಿ, ಡಾಕ್ಟರನ್ನು ತೋಳಿಗೆ ಒರಗಿಸಿಕೊಂಡದ್ದು ದೂರದಿಂದ ಕಂಡಿತು. ಹೆಂಡತಿ ಮೌರೀನ್ ಚಾಪೆಯ ಸಮೇತ ಮೀನನ್ನು ನೀರಿನಂಚಿಗೆ ಎಳೆದಳು. ನಾನು ಮರಳುವಾಗ ಟೆರ್ರಿ ಎದೆ ಒತ್ತಲು ಶುರು ಮಾಡಿದ್ದ. ಆಂಬುಲೆನ್ಸ್ ತಡಮಾಡಲಿಲ್ಲ. ಬಂದವರೂ ಕೈ ಬಿಡದೆ ಪ್ರಯತ್ನಿಸಿದರು.

ಅಡುಗೆಮನೆಯಲ್ಲಿ ಆಂಟಿ, ಡಾಕ್ಟರ ಹೆಂಡತಿ, ಕೇಳಿದಾಗ ಇದಿಷ್ಟನ್ನೂ ಹೇಳಿದೆ. ಕೈ ನಿಂತದ್ದನ್ನೂ ಹೇಳಿದೆ. ನೋವು ಬಂದ ಮೇಲೂ ಅವರು ಒಂದು ಗಾಳ ತೆಗೆದದ್ದು ನಿಜ, ಅಷ್ಟು ತಡವಾಯಿತು, ಆ ತಡದಿಂದಲೇ ಜೀವ ಹೋಯಿತೇ ನನಗೆ ಗೊತ್ತಿಲ್ಲ ಅಂದೆ. ಅವರು ಗ್ಯಾಸ್ ಕಟ್ಟೆಯನ್ನು ಒರೆಸುತ್ತಲೇ ಇದ್ದರು.

"ಇಲ್ಲ ಅಂದಿದ್ರ ನಿನ್ನ ನಂಬತಿದ್ದಿಲ್ಲ," ಅಂದರು ಕೊನೆಗೆ. "ನೀ ಫೋನಿನ್ಯಾಗ ಇದ್ದಾಗ ಏನಾತು?"

ಅದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಬೇಲಿಯ ಆ ತುದಿಯಲ್ಲಿದ್ದೆ. ಹಾಗಾಗಿ ಮುಂದಿನ ವಾರ ಅವರನ್ನು ಕಾಲುವೆಗೆ ಕರೆದುಕೊಂಡು ಹೋದೆ. ಅಷ್ಟು ವರ್ಷಗಳಲ್ಲಿ ಆಂಟಿ ಅಲ್ಲಿಗೆ ಬಂದದ್ದು ಅದೇ ಮೊದಲು. ಮೌರೀನ್ ದೋಣಿಯೊಳಗೆ ಕೂರಿಸಿ ಚಹಾ ಕೊಟ್ಟಳು. ಸುತ್ತು ಬಳಸಿಲ್ಲದೆ ಹೇಳಿದಳು: ಟೆರ್ರಿಯ ತೋಳಿಗೆ ಒರಗಿ ಡಾಕ್ಟರು ತನ್ನನ್ನೇ ನೋಡುತ್ತಿದ್ದರು, ತಾನು ಮೀನನ್ನು ನೀರಿಗೆ ತಳ್ಳಲು ಹೋದಾಗ ಬೆರಳೆತ್ತಿ ತಡೆದರು, "ತಳ್ಳಬೇಡ, ಬಾಲ ಹಿಡಿ, ಕಾಯು" ಎಂದು ಇಂಗ್ಲಿಷಿನಲ್ಲಿ ಹೇಳಿದರು, ತಾನು ಹಾಗೇ ಹಿಡಿದು ಕಾದಾಗ ಮೀನು ಹೋಗುವುದನ್ನು ಅವರು ಕಂಡರು, ಅದಾದ ಮೇಲೆ ಮಾತಿಲ್ಲ.

ಆಂಟಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. "ಹೋಗೂ ಹೊತ್ತಿನ್ಯಾಗೂ ಮಂದಿಗೆ ಪಾಠ ಹೇಳೂದು ಬಿಡಲಿಲ್ಲ ನೋಡು," ಎಂದು ನಗಲು ಹೋದವರು ಅತ್ತರು. ಆ ಸಾವಿನ ಮನೆಯಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಮೌರೀನ್ ಎದ್ದು ಬಂದು ಅವರ ಪಕ್ಕದಲ್ಲಿ ಕೂತಳು. ಏನು ಅಂದರೆಂದು ಕೇಳಲಿಲ್ಲ.

ಟೆರ್ರಿ ಈ ಚಳಿಗಾಲದ ಮೊದಲಲ್ಲಿ ತೀರಿಕೊಂಡ. ನಾನು ಹೇಳಿದ್ದರಲ್ಲಿ ಯಾರಿಗಾದರೂ ಸಂಶಯವಿದ್ದರೆ ಕಂಡವರು ಇನ್ನೊಬ್ಬರಿದ್ದಾರೆ. ಮೌರೀನ್ ಇದ್ದಾಳೆ. ಹಸಿರು ಬಣ್ಣದ ದೋಣಿ, ಅದೇ ಕಾಲುವೆ, ಸೇತುವೆಯಿಂದ ತುಸು ಮುಂದೆ.